ಕಬ್ಬಿಣದ ಝೂಮರ್ ತರೋ ಮುನ್ನ ಸ್ಲ್ಯಾಬಿನ ಹುಕ್ಕು ನೋಡ್ರಿ: ಹೊಸ ಮನೆ ಕಟ್ಟೋರಿಗೆ ಒಂದಿಷ್ಟು ಲೆಕ್ಕ

ಸವಣೂರು: ಮನೆ ಕಟ್ಟಿ ಮುಗಿದಿರ್ತದೆ. ಪಿಒಪಿ ಆಗಿದೆ, ಬಣ್ಣ ಆಗಿದೆ, ವಾಸ್ತುಶಾಂತಿಗೆ ಇನ್ನು ಎರಡೇ ದಿನ. ಆಗ ಬರ್ತದೆ ಒಂದು ದೊಡ್ಡ ರಟ್ಟಿನ ಡಬ್ಬಿ. ಒಳಗೆ ಕರಿ ಕಬ್ಬಿಣದ ಆರು ತೋಳಿನ ಝೂಮರ್. ಹುಬ್ಬಳ್ಳಿಯಿಂದ ತಂದಿದ್ದೋ, ಮೊಬೈಲ್‌ನಲ್ಲಿ ಫೋಟೋ ನೋಡಿ ತರಿಸಿದ್ದೋ. ಇಲೆಕ್ಟ್ರಿಷಿಯನ್ ಏಣಿ ಹತ್ತಿ ಮೇಲೆ ಕೈಯಾಡಿಸಿ ಕೇಳೋದು ಒಂದೇ ಮಾತು: "ಅಣ್ಣಾರ, ಇದನ್ನ ಎದಕ್ಕ ತೂಗು ಹಾಕೂಣ್ರಿ? ಇಲ್ಲಿ ಹುಕ್ಕ ಇಲ್ಲಲ್ರೀ."

ಮನೆಯಲ್ಲಿ ಬಂಧು ಬಳಗ ಬಂದು ಕೂತಿರ್ತಾರೆ. ಯಾರೋ ಒಬ್ಬರು "ಎರಡು ಸ್ಕ್ರೂ ಹೊಡದು ಏರಿಸ್ರಿ, ಏನೂ ಆಗೂದಿಲ್ಲ" ಅಂತಾರೆ. ಪಿಒಪಿಗೆ ಸ್ಕ್ರೂ ಬೀಳ್ತದೆ. ಝೂಮರ್ ಏರ್ತದೆ, ಫೋಟೋ ಚೆನ್ನಾಗಿ ಬರ್ತದೆ. ಆದರೆ ಅದರ ಕೆಳಗೆ ಸೋಫಾ ಇದೆ, ಮಕ್ಕಳು ಆಡ್ತಾರೆ, ಕೆಲವು ಮನೆಯಲ್ಲಿ ತೊಟ್ಟಿಲೂ ಅಲ್ಲೇ ಇರ್ತದೆ. ಹತ್ತು ಹನ್ನೆರಡು ಕಿಲೋ ಕಬ್ಬಿಣ ಎರಡು ಸ್ಕ್ರೂ ಮೇಲೆ ಎಷ್ಟು ದಿನ ನಿಲ್ಲಬಹುದು ಅನ್ನೋದು ಯಾರ ಕೈಯಲ್ಲೂ ಇಲ್ಲದ ಮಾತು.

ನವಾಬರು ಆಳಿದ ಊರಿನಲ್ಲಿ ಝೂಮರ್ ಅನ್ನೋ ಪದ ಹೊಸದೇನಲ್ಲ. ಮುಸ್ಲಿಂ ಮದುವೆಗಳಲ್ಲಿ ಹೆಣ್ಣು ತಲೆಯ ಒಂದು ಬದಿಗೆ ತೊಡುವ ಆಭರಣಕ್ಕೂ ಇದೇ ಹೆಸರು. ಗಾಜಿನ ಝೂಮರ್ ಅಂದ್ರೆ ದೊಡ್ಡವರ ಮನೆ ಸಾಮಾನು ಅನ್ನೋ ಕಾಲ ಇತ್ತು. ಈಗ ಸಾಮಾನ್ಯ ಮನೆಗಳಲ್ಲೂ ಹಾಲ್ ನಡುವೆ ಏನಾದರೊಂದು ತೂಗಾಡಬೇಕು ಅನ್ನೋ ಆಸೆ ಬಂದಿದೆ. ಅದರಲ್ಲೂ ಕರಿ ಕಬ್ಬಿಣದ್ದು. ಗಾಜಿನಂತೆ ಒಡೆಯೋದಿಲ್ಲ, ಮಣಿ ಒರೆಸೋ ಕೆಲಸ ಇಲ್ಲ, ಬಡಿದು ಮಾಡಿದ ಕಬ್ಬಿಣಕ್ಕೊಂದು ಗತ್ತು ಇದೆ. ತಪ್ಪಿಲ್ಲ. ಆದರೆ ಕೊಳ್ಳೋ ಮುನ್ನ ತಿಳ್ಕೊಬೇಕಾದ ಸಂಗತಿಗಳು ಅಂಗಡಿಯ ಫೋಟೋದಲ್ಲಿ ಕಾಣಲ್ಲ.

'ರಾಟ್ ಐರನ್' ಅಂದ್ರೆ ಏನು?

ಅಂಗಡಿಯಲ್ಲಿ 'ರಾಟ್ ಐರನ್' ಅಂತ ಬೋರ್ಡ್ ಹಾಕಿ ಮಾರೋದರಲ್ಲಿ ನಿಜವಾದ ರಾಟ್ ಐರನ್ ಇರೋದೇ ಇಲ್ಲ ಅಂದ್ರೂ ನಡೀತದೆ. ಹಳೆಯ ಕಾಲದ ಮೆತು ಕಬ್ಬಿಣದಲ್ಲಿ ಇಂಗಾಲ ಬಹಳ ಕಡಿಮೆ, ನಡುನಡುವೆ ಕಿಟ್ಟದ ಎಳೆ ಇರ್ತಿತ್ತು. ಬಗ್ಗಿಸಿ ಮುರಿದರೆ ಕಟ್ಟಿಗೆ ಸಿಗಿದಂತೆ ನಾರು ನಾರಾಗಿ ಕಾಣೋದು. ದೆಹಲಿಯ ಕಬ್ಬಿಣದ ಕಂಬ ಅಂಥದ್ದು, ಸುಮಾರು 1600 ವರ್ಷ ಹಳೆಯದು, ತೂಕ 6 ಟನ್ನಿಗೂ ಹೆಚ್ಚು. ಆ ಕಬ್ಬಿಣವನ್ನು ವ್ಯಾಪಾರಕ್ಕೆಂದು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದ ಕೊನೆಯ ಕಾರ್ಖಾನೆ, ಇಂಗ್ಲೆಂಡಿನ ಬೋಲ್ಟನ್ ಊರಿನದು, 1973ರಲ್ಲಿ ಬಾಗಿಲು ಹಾಕಿತು. ಅದಾದ ಮೇಲೆ ಆ ಹೆಸರಿನಲ್ಲಿ ಮಾರಾಟ ಆಗೋದು ಎಂಎಸ್, ಅಂದ್ರೆ ನಮ್ಮ ಕಿಟಕಿ ಗ್ರಿಲ್ಲು, ಗೇಟು, ಟ್ರಾಲಿಗೆ ಹಾಕೋ ಮೈಲ್ಡ್ ಸ್ಟೀಲ್.

ಇದು ಮೋಸ ಅಂತಲ್ಲ. ಎಂಎಸ್ ಒಳ್ಳೆಯದೇ, ಗಟ್ಟಿಯೇ. ಮೋಸ ಆಗೋದು ಬೇರೆ ಕಡೆ. ಒಂದು, 'ರಾಟ್ ಐರನ್' ಅಂತ ಹೆಚ್ಚಿನ ರೊಕ್ಕ ಕೇಳಿ ತೆಳ್ಳಗಿನ ಪೈಪು ಕೊಡೋದು. ಎರಡು, ಕರಿ ಬಣ್ಣ ಹೊಡೆದ ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ ಕೊಡೋದು. ಮೂರನೇದು ಬೀಡು, ಅಂದ್ರೆ ಎರಕದ ಕಬ್ಬಿಣ. ಅದಕ್ಕೂ ಕಬ್ಬಿಣ ಅಂತಲೇ ಹೆಸರು, ಆದರೆ ಸ್ವಭಾವ ಬೇರೆ. ಅಚ್ಚಿಗೆ ಹೊಯ್ದು ಮಾಡಿದ ಬೀಡಿನಲ್ಲಿ ಇಂಗಾಲ ನೂರಕ್ಕೆ 2ಕ್ಕಿಂತ ಹೆಚ್ಚು. ಒತ್ತಡ ಹೊರುತ್ತದೆ, ಬಗ್ಗೋದಿಲ್ಲ, ಪೆಟ್ಟು ಬಿದ್ದರೆ ಸೀಳಿ ಹೋಗ್ತದೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಚಂದದ ಕಂಬಗಳು ಬೀಡಿನವೇ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದವು. ಕಂಬಕ್ಕೆ ಬೀಡು ಸರಿ. ಮೇಲೆ ತೂಗೋ ತೋಳಿಗೆ, ಕೊಂಡಿಗೆ ಬೀಡು ಸರಿಯಲ್ಲ. ಎಲೆ, ಹೂವು, ಬಟ್ಟಲಿನಂಥ ಅಲಂಕಾರ ಬೀಡಿನದ್ದಿದ್ದರೆ ಅಡ್ಡಿಯಿಲ್ಲ. ಭಾರ ಹೊರೋ ಭಾಗ ಮಾತ್ರ ಬಡಿದ ಅಥವಾ ಬಗ್ಗಿಸಿದ ಉಕ್ಕೇ ಇರಬೇಕು.

ಗುರುತು ಹಿಡಿಯೋದು ಕಷ್ಟವಲ್ಲ. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಕೊಂಡು ಹೋದರಾಯ್ತು. ಅಲ್ಯುಮಿನಿಯಂ, ಪ್ಲಾಸ್ಟಿಕ್‌ಗೆ ಅದು ಅಂಟೋದಿಲ್ಲ. ಅಂಟಿದ ಮೇಲೂ ಕೈಯಲ್ಲಿ ಎತ್ತಿ ನೋಡಬೇಕು, ಯಾಕಂದ್ರೆ ತಗಡಿಗೂ ಅಯಸ್ಕಾಂತ ಅಂಟ್ತದೆ. ಬೆರಳ ಗೆಣ್ಣಿನಿಂದ ತೋಳಿನ ಮೇಲೆ ಬಡಿದರೆ ಪೈಪು ಟೊಳ್ಳು ಸದ್ದು ಮಾಡ್ತದೆ. ಕೆಳಭಾಗದಲ್ಲಿ ಉದ್ದಕ್ಕೂ ಒಂದು ಗೀಟು ಕಂಡರೆ ಅದು ಪೈಪಿನ ಹೊಲಿಗೆ. ಆಮೇಲೆ ಸುರುಳಿಯ ತುದಿ ನೋಡಬೇಕು. ಕುಲುಮೆಯಲ್ಲಿ ಕಾಸಿ ಬಡಿದ ಸುರುಳಿಯ ತುದಿ ಮೀನಿನ ಬಾಲದಂತೆ ಅಗಲವಾಗಿರ್ತದೆ, ಇಲ್ಲವೇ ಚೂಪಾಗಿ ಇಳಿದಿರ್ತದೆ. ಯಂತ್ರಕ್ಕೆ ಸಿಕ್ಕಿಸಿ ತಣ್ಣಗೆ ಬಗ್ಗಿಸಿದ್ದರ ತುದಿ ಕತ್ತರಿಸಿದ ಹಾಗೇ ಚೌಕವಾಗಿ ನಿಂತಿರ್ತದೆ. ಇದರಿಂದ ಗಟ್ಟಿತನದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಕೈಕೆಲಸಕ್ಕೆ ಅಂತ ಕೇಳೋ ರೊಕ್ಕಕ್ಕೆ ಕೈಕೆಲಸ ಇದೆಯಾ ಅನ್ನೋದು ತಿಳೀತದೆ.

ತೂಕದ ಲೆಕ್ಕ ನಾವೇ ಹಾಕಬಹುದು

ಅಂಗಡಿಯವರು "ಹಗೂರ ಐತ್ರೀ" ಅಂತಾರೆ. ವೆಲ್ಡಿಂಗ್ ಅಂಗಡಿಯವರು "ಗಟ್ಟಿ ಮಾಲ ಹಾಕೇವ್ರಿ" ಅಂತಾರೆ. ಎರಡನ್ನೂ ಬಿಟ್ಟು ಲೆಕ್ಕ ಹಾಕೋದು ಒಳ್ಳೆಯದು. ಮನೆ ಕಟ್ಟುವಾಗ ಸರಳಿನ ತೂಕ ಹಿಡಿಯೋ ಸೂತ್ರ ಮೇಸ್ತ್ರಿಗಳಿಗೆಲ್ಲ ಗೊತ್ತು: ಸರಳಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಬರ್ತದೆ. 12 ಎಂಎಂ ದುಂಡು ಸರಳು ಮೀಟರಿಗೆ 0.89 ಕೆಜಿ. 10 ಎಂಎಂ ಆದರೆ 0.62 ಕೆಜಿ. ಅದೇ 12 ಎಂಎಂ ಚೌಕ ಸರಳು ಮೀಟರಿಗೆ 1.13 ಕೆಜಿ.

ಈಗ ಆರು ತೋಳಿನ ಒಂದು ಝೂಮರ್ ತಗೊಳ್ಳಿ. ಒಂದೊಂದು ತೋಳು ಸುರುಳಿ ಬಿಚ್ಚಿ ಅಳೆದರೆ ಎರಡೂವರೆ ಅಡಿ, ಅಂದ್ರೆ ಮುಕ್ಕಾಲು ಮೀಟರ್. ಚೌಕ ಸರಳಿನದ್ದಾದರೆ ಆರು ತೋಳಿಗೇ 5 ಕೆಜಿ ಆಯ್ತು. 2 ಅಡಿ ಅಗಲದ ಬಳೆಗೆ 25 ಎಂಎಂ ಅಗಲ, 5 ಎಂಎಂ ದಪ್ಪದ ಪಟ್ಟಿ ಹಾಕಿದರೆ ಇನ್ನೊಂದು 1.8 ಕೆಜಿ ಚಿಲ್ಲರೆ. ನಡುವಿನ ದಿಂಡು, ಬಟ್ಟಲು, ಸರಪಳಿ, ಹೋಲ್ಡರ್, ಬಲ್ಬು ಎಲ್ಲಾ ಸೇರಿ 10ರಿಂದ 12 ಕೆಜಿ ಹತ್ತಿರ ಹೋಗ್ತದೆ. ಮನೆಯ ಸೀಲಿಂಗ್ ಫ್ಯಾನು ಸಾಮಾನ್ಯವಾಗಿ 4ರಿಂದ 6 ಕೆಜಿ. ಅಂದ್ರೆ ಎರಡು ಫ್ಯಾನಿನ ಭಾರ ಒಂದೇ ಹುಕ್ಕಿಗೆ.

ಹಳೆಯ ಚಕ್ಕಡಿ ಗಾಲಿಯನ್ನೇ ತಂದು ಝೂಮರ್ ಮಾಡಿಸೋ ಹುಚ್ಚು ಈಗ ಅಲ್ಲಲ್ಲಿ ಇದೆ. ರೆಸಾರ್ಟ್‌ಗಳಲ್ಲಿ, ಹೈವೇ ಢಾಬಾಗಳಲ್ಲಿ ನೋಡಿ ಬಂದ ಆಸೆ. ನೋಡೋಕೆ ಚಂದ ಹೌದು. ಆದರೆ ಕಟ್ಟಿಗೆ ಗಾಲಿ, ಗುಂಭ, ಮೇಲಿನ ಕಬ್ಬಿಣದ ಹಳಿ ಸೇರಿ ಒಬ್ಬ ಮನುಷ್ಯ ಸಲೀಸಾಗಿ ಎತ್ತೋ ಭಾರವಲ್ಲ. ಅಂಥದ್ದನ್ನು ತೂಗು ಹಾಕೋ ಮುನ್ನ ತೂಕದ ಕಾಟಾಕ್ಕೆ ಹಾಕಿಸಲೇಬೇಕು, ಎಂಜಿನಿಯರ್ ಒಬ್ಬರಿಗೆ ತೋರಿಸಲೇಬೇಕು.

ಎಷ್ಟು ದೊಡ್ಡದು, ಎಷ್ಟು ಎತ್ತರಕ್ಕೆ

ಅಳತೆಗೊಂದು ಸುಲಭ ಲೆಕ್ಕ ಎಲ್ಲ ಕಡೆ ಬಳಕೆಯಲ್ಲಿದೆ. ಕೋಣೆಯ ಉದ್ದ, ಅಗಲ ಎಷ್ಟು ಅಡಿಯೋ ಅವೆರಡನ್ನೂ ಕೂಡಿಸಿದರೆ ಬರೋ ಸಂಖ್ಯೆಯಷ್ಟು ಇಂಚು ಅಗಲದ ಝೂಮರ್ ಹೊಂದ್ತದೆ. 12 ಅಡಿಗೆ 14 ಅಡಿ ಹಾಲ್ ಇದ್ದರೆ 26 ಇಂಚು. ಒಂದೆರಡು ಇಂಚು ಆಚೀಚೆ ಆದರೆ ಏನೂ ಆಗಲ್ಲ. ಇದೇ ಲೆಕ್ಕವನ್ನು ಚಕ್ಕಡಿ ಗಾಲಿಗೆ ಹಚ್ಚಿ ನೋಡಿ: 5 ಅಡಿ ಗಾಲಿ ಅಂದ್ರೆ 60 ಇಂಚು. ಅದಕ್ಕೆ 30 ಅಡಿಗೆ 30 ಅಡಿ ಹಾಲ್ ಬೇಕು! ಸವಣೂರಿನ ಸೈಟುಗಳಲ್ಲಿ ಅಷ್ಟು ಜಾಗದಲ್ಲಿ ಪೂರ್ತಿ ಮನೆಯೇ ಎದ್ದಿರ್ತದೆ.

ಎತ್ತರದ್ದು ಇನ್ನೂ ಮುಖ್ಯ. ಆರ್‌ಸಿಸಿ ಮನೆಗಳ ಎತ್ತರ ಸಾಮಾನ್ಯವಾಗಿ 10 ಅಡಿ. ಜನ ಓಡಾಡೋ ಜಾಗದಲ್ಲಿ ಝೂಮರ್‌ನ ಕೆಳತುದಿ ನೆಲದಿಂದ 7 ಅಡಿಗಿಂತ ಕೆಳಗೆ ಬರಬಾರದು. ಉಳಿಯೋದು 3 ಅಡಿ. ಅದರಲ್ಲಿ ಪಿಒಪಿ ಅರ್ಧ ಅಡಿ ತಿಂದರೆ ಎರಡೂವರೆ ಅಡಿ. ಸರಪಳಿ ಸೇರಿ ಇಷ್ಟರೊಳಗೇ ಮುಗೀಬೇಕು. ಊಟದ ಮೇಜಿನ ಮೇಲಾದರೆ ಕೆಳಗೆ ಯಾರೂ ನಡೆಯೋದಿಲ್ಲವಾದ್ದರಿಂದ ಇನ್ನೂ ಇಳಿಸಬಹುದು. ಮೇಜಿನ ಮೇಲಿಂದ ಎರಡೂವರೆಯಿಂದ 3 ಅಡಿ ಬಿಟ್ಟರೆ ಸಾಕು, ಅಗಲ ಮೇಜಿನ ಅಗಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಚಂದ. ಮೇಜನ್ನು ಮುಂದೆ ಬೇರೆ ಕಡೆ ಸರಿಸಿದರೆ ಮಾತ್ರ ಬಂದವರೆಲ್ಲ ಹಣೆ ಬಡಿಸಿಕೊಳ್ತಾರೆ.

ಫ್ಯಾನಿನ ತಕರಾರನ್ನು ಬಹಳ ಜನ ಮರೀತಾರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಝೂಮರ್ ಇಲ್ಲದೆ ಬದುಕಬಹುದು, ಫ್ಯಾನಿಲ್ಲದೆ ಆಗಲ್ಲ. ಹಾಲ್ ನಡುವೆ ಇರೋದು ಒಂದೇ ಹುಕ್ಕು, ಅದು ಫ್ಯಾನಿನದು. ಫ್ಯಾನ್ ಪಕ್ಕಕ್ಕೆ ಹತ್ತಿರ ಝೂಮರ್ ಹಾಕಿದರೆ, ರೆಕ್ಕೆಗಿಂತ ಮೇಲೆ ಬಲ್ಬು ಉರಿದರೆ, ಇಡೀ ಹಾಲ್ ತುಂಬಾ ನೆರಳು ಪಟಪಟ ಅಂತ ಕುಣೀತದೆ. ಐದು ನಿಮಿಷ ಕೂತರೆ ತಲೆ ಹಿಡೀತದೆ. ಪ್ಲ್ಯಾನ್ ಹಂತದಲ್ಲೇ ಹಾಲ್‌ನ ಎರಡು ಬದಿಗೆ ಎರಡು ಫ್ಯಾನ್ ಹುಕ್ಕು, ನಡುವೆ ಝೂಮರ್ ಹುಕ್ಕು ಅಂತ ಬಿಟ್ಟರೆ ಈ ತೊಂದರೆ ಇಲ್ಲ. ಆ ಜಾಗ ಇಲ್ಲದಿದ್ದರೆ ಮೆಟ್ಟಿಲ ಮೇಲಿನ ಖಾಲಿ ಜಾಗ, ಊಟದ ಮೇಜು ಅಥವಾ ದೇವರ ಕೋಣೆ ಮುಂದಿನ ಪಡಸಾಲೆ ನೋಡಬೇಕು. ಮೆಟ್ಟಿಲ ಮೇಲೆ ಹಾಕೋರು ಒಂದು ಪ್ರಶ್ನೆಗೆ ಉತ್ತರ ಇಟ್ಕೊಂಡಿರಬೇಕು: ಬಲ್ಬ್ ಹೋದಾಗ ಅದನ್ನ ಬದಲಿಸೋಕೆ ಏಣಿ ಎಲ್ಲಿ ನಿಲ್ಲಿಸೋದು?

ಹುಕ್ಕಿನ ಮಾತು

ಸ್ಲ್ಯಾಬ್ ಹಾಕೋ ದಿನವೇ ಫ್ಯಾನ್ ಬಾಕ್ಸ್ ಇಟ್ಟು, ಅದರ ಹುಕ್ಕನ್ನು ಸರಳಿಗೆ ಸಿಕ್ಕಿಸಿ ಕಟ್ಟಿ, ಕಾಂಕ್ರೀಟ್ ಹಾಕಿದರೆ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಆ ದಿನ ಇದಕ್ಕೆ ಆಗೋ ಖರ್ಚು ಲೆಕ್ಕಕ್ಕೇ ಇಲ್ಲದಷ್ಟು. ಹಾಗಾಗಿ ಝೂಮರ್ ಹಾಕೋ ಯೋಚನೆ ಇರಲಿ, ಇಲ್ಲದಿರಲಿ, ಸೆಂಟ್ರಿಂಗ್ ಮೇಲೆ ಸರಳು ಕಟ್ಟುವಾಗ ಒಂದು ಹೆಚ್ಚಿನ ಹುಕ್ಕು ಬಿಡಿಸಿಕೊಂಡವನೇ ಜಾಣ.

ಸ್ಲ್ಯಾಬ್ ಆಗಿ ಹೋಗಿದ್ದರೆ ಆಂಕರ್ ಫಾಸ್ಟ್ನರ್ ಒಂದೇ ದಾರಿ. ಹ್ಯಾಮರ್ ಡ್ರಿಲ್‌ನಿಂದ ಕಾಂಕ್ರೀಟಿಗೆ ತೂತು ಹೊಡೆದು, ಧೂಳು ಊದಿ ತೆಗೆದು, ಆಂಕರ್ ಸೇರಿಸಿ ಬಿಗಿ ಮಾಡೋದು. ಇಲ್ಲಿ ಗಿಲಾವ್ ಲೆಕ್ಕಕ್ಕೆ ಬರೋದಿಲ್ಲ. ಅರ್ಧ ಇಂಚಿನ ಗಿಲಾವ್ ಬಿಟ್ಟು ಒಳಗಿನ ಕಾಂಕ್ರೀಟಿನಲ್ಲಿ ಆಂಕರ್ ಕೂರಬೇಕು. ಡ್ರಿಲ್ ಸರಳಿಗೆ ತಾಗಿದರೆ ಆ ತೂತು ಬಿಟ್ಟು ಬೇರೆ ಕಡೆ ಹೊಡೀಬೇಕು. ಒಂದೇ ಆಂಕರ್‌ಗೆ ಪೂರ್ತಿ ಭಾರ ಬಿಡೋ ಬದಲು ನಾಲ್ಕು ಆಂಕರ್‌ನ ಮೇಲೆ ಒಂದು ದಪ್ಪ ಎಂಎಸ್ ಪ್ಲೇಟ್ ಕೂರಿಸಿ, ಅದಕ್ಕೆ ಹುಕ್ಕು ವೆಲ್ಡ್ ಮಾಡಿಸಿದರೆ ನಿಶ್ಚಿಂತೆ. ಸ್ಲ್ಯಾಬ್ ಸೋರಿ ಕಾಂಕ್ರೀಟ್ ಉದುರ್ತಿದ್ದರೆ, ಸರಳು ತುಕ್ಕು ಹಿಡಿದು ಹೊರಗೆ ಕಾಣ್ತಿದ್ದರೆ ಅಂಥ ಜಾಗಕ್ಕೆ ಏನನ್ನೂ ತೂಗು ಹಾಕಬಾರದು.

ಪಿಒಪಿ, ಜಿಪ್ಸಮ್ ಶೀಟು ಭಾರ ಹೊರೋದಕ್ಕಲ್ಲ, ಚಂದಕ್ಕೆ. ಮೇಲಿನ ಸ್ಲ್ಯಾಬಿನಿಂದ ಮರೆ ಸರಳು ಅಥವಾ ಸರಪಳಿ ಇಳಿಸಿ, ಪಿಒಪಿಯಲ್ಲಿ ತೂತು ಬಿಟ್ಟು ಹೊರಗೆ ತರಬೇಕು. ಇದನ್ನ ಪಿಒಪಿ ಮಾಡೋ ಮುನ್ನವೇ ಹೇಳಬೇಕು. ಆಮೇಲೆ ಹೇಳಿದರೆ ಪಿಒಪಿಯವರು, ಇಲೆಕ್ಟ್ರಿಷಿಯನ್ ಇಬ್ಬರೂ ಒಬ್ಬರ ಮೇಲೆ ಒಬ್ಬರು ಹಾಕ್ತಾರೆ, ಕೊನೆಗೆ ಸ್ಕ್ರೂ ಹೊಡೆಯೋದೇ ಆಗ್ತದೆ.

ಹಳೆಯ ಮಾಳಿಗೆ ಮನೆಗಳಲ್ಲಿ ಕತೆ ಬೇರೆ. ಅಲ್ಲಿ ಜಂತಿಗೆ ತೂಗು ಹಾಕೋದಲ್ಲ, ತೊಲೆಗೆ. ತೊಲೆಗೂ ಮೊಳೆ ಹೊಡೆದು ಅಲ್ಲ, ತೊಲೆಯನ್ನು ಸುತ್ತುವರಿಯೋ ಕಬ್ಬಿಣದ ಪಟ್ಟಿ ಹಾಕಿ ನಟ್ ಬೋಲ್ಟ್‌ನಿಂದ ಬಿಗಿಯಬೇಕು. ಅದಕ್ಕೂ ಮುನ್ನ ಗೆದ್ದಲು ಹತ್ತಿದೆಯಾ ಅಂತ ಸುತ್ತಿಗೆಯಿಂದ ಬಡಿದು ನೋಡಬೇಕು. ಟೊಳ್ಳು ಸದ್ದು ಬಂದರೆ ಆಸೆ ಬಿಡೋದು ಒಳ್ಳೆಯದು. ಹಂಚಿನ ಮನೆ, ತಗಡಿನ ಶೆಡ್ಡುಗಳಲ್ಲಿ ರೀಪಿಗೆ, ಪಟ್ಟಿಗೆ ತೂಗು ಹಾಕೋದು ಬೇಡವೇ ಬೇಡ.

ಹುಕ್ಕು ಕೂರಿಸಿದ ಮೇಲೆ ಝೂಮರ್ ಏರಿಸೋ ಮುನ್ನ ಒಂದು ಪರೀಕ್ಷೆ. ಝೂಮರ್ 12 ಕೆಜಿ ಇದ್ದರೆ ಅದರ ನಾಲ್ಕು ಪಟ್ಟು, ಅಂದ್ರೆ ಸುಮಾರು ಒಂದು ಸಿಮೆಂಟ್ ಚೀಲದಷ್ಟು ಉಸುಕನ್ನು ಒಂದು ರಾತ್ರಿ ಅದೇ ಹುಕ್ಕಿಗೆ ತೂಗಿ ಬಿಡೋದು. ನೆಲದಿಂದ ಒಂದು ಗೇಣು ಮೇಲೆ ಇದ್ದರೆ ಸಾಕು, ಕೆಳಗೆ ಯಾರೂ ಮಲಗಬಾರದು. ಬೆಳಗ್ಗೆ ನೋಡಿದಾಗ ಪ್ಲೇಟ್ ಕೂದಲೆಳೆಯಷ್ಟೂ ಇಳಿದಿರಬಾರದು, ಗಿಲಾವಿನಲ್ಲಿ ಸೀಳು ಬಂದಿರಬಾರದು.

ಹಸಿರು ವೈರ್ ಎಲ್ಲಿ?

ಬೀಳೋದು ಕಣ್ಣಿಗೆ ಕಾಣೋ ಅಪಾಯ. ಕಾಣದ್ದು ಕರೆಂಟಿನದು. ಪ್ಲಾಸ್ಟಿಕ್ ಹೋಲ್ಡರಿನ ಬಲ್ಬಿಗೆ ಎರಡೇ ವೈರ್ ಸಾಕು, ಫೇಸ್ ಮತ್ತು ನ್ಯೂಟ್ರಲ್. ಅದೇ ಅಭ್ಯಾಸದಲ್ಲಿ ಎಷ್ಟೋ ಮನೆಗಳಲ್ಲಿ ಸೀಲಿಂಗ್ ಪಾಯಿಂಟಿಗೆ ಅರ್ಥ್ ವೈರನ್ನೇ ಎಳೆದಿರೋದಿಲ್ಲ. ಅಲ್ಲಿಗೆ ಇಡೀ ಮೈ ಕಬ್ಬಿಣದ ಝೂಮರ್ ತಂದು ಹಾಕ್ತಾರೆ. ಒಳಗೆ ಎಲ್ಲೋ ಒಂದು ಕಡೆ ವೈರ್‌ನ ಸಿಪ್ಪೆ ಉಜ್ಜಿ ಹೋದರೆ ಇಡೀ ಝೂಮರ್‌ಗೆ ಕರೆಂಟ್ ಬಂದು ಕೂತಿರ್ತದೆ. ಬಲ್ಬ್ ಎಂದಿನಂತೆ ಉರೀತದೆ, ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋದು ದೀಪಾವಳಿಗೆ ಧೂಳು ಹೊಡೆಯೋಕೆ ಅಂತ ಹಸಿ ಬಟ್ಟೆ ಹಿಡಿದು ಏಣಿ ಹತ್ತಿದಾಗ.

ಆದ್ದರಿಂದ ಕಬ್ಬಿಣದ ಝೂಮರ್‌ಗೆ ಮೂರು ವೈರ್ ಇರಲೇಬೇಕು. ಹಸಿರು ಬಣ್ಣದ ಅರ್ಥ್ ವೈರನ್ನು ಝೂಮರ್‌ನ ಮೈಗೆ ಬೋಲ್ಟ್ ಹಾಕಿ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದರೆ ಉಪಯೋಗ ಇಲ್ಲ, ಬಣ್ಣ ಕರೆಂಟ್ ಹಾಯಿಸೋದಿಲ್ಲ. ಅಷ್ಟು ಜಾಗ ಕೆರೆದು ಬೋಳು ಕಬ್ಬಿಣ ಕಾಣೋಹಾಗೆ ಮಾಡಿ ಬಿಗಿಸಬೇಕು. ಕೆಲಸ ಮುಗಿದ ಮೇಲೆ ಝೂಮರ್ ಮೈಯಿಂದ ಬೋರ್ಡಿನ ಅರ್ಥ್ ಪಿನ್‌ವರೆಗೆ ಸಂಪರ್ಕ ಸರಿಯಿದೆಯಾ ಅಂತ ಮಲ್ಟಿಮೀಟರ್ ಹಿಡಿದು ತೋರಿಸು ಅಂತ ಇಲೆಕ್ಟ್ರಿಷಿಯನ್‌ಗೆ ಕೇಳೋದರಲ್ಲಿ ನಾಚಿಕೆ ಏನಿಲ್ಲ. ಮನೆಯ ಮುಖ್ಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ ಸೋರಿಕೆ ಆದ ಕೂಡಲೇ ಕರೆಂಟ್ ಕಟ್ ಆಗ್ತದೆ. ಎಂಸಿಬಿ ಇದೆಯಲ್ಲ ಅಂತ ಸುಮ್ಮನಿರೋ ಹಾಗಿಲ್ಲ. ಎಂಸಿಬಿ ನೋಡೋದು ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್. ಮನುಷ್ಯನ ಮೈಯಿಂದ ಸೋರೋ ಸಣ್ಣ ಕರೆಂಟ್ ಅದರ ಲೆಕ್ಕಕ್ಕೆ ಬರಲ್ಲ.

ಸ್ವಿಚ್ಚು ಫೇಸ್ ವೈರಿನ ಮೇಲೇ ಇರಬೇಕು. ನ್ಯೂಟ್ರಲ್ ಮೇಲೆ ಕೊಟ್ಟಿದ್ದರೆ ಸ್ವಿಚ್ ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟ್ ಇರ್ತದೆ. ಇನ್ನು ಝೂಮರ್ ಭಾರವನ್ನು ಸರಪಳಿ ಹೊರಬೇಕು, ವೈರ್ ಅಲ್ಲ. ಸರಪಳಿಯ ಕೊಂಡಿಗಳ ನಡುವೆ ವೈರ್ ಸಡಿಲವಾಗಿ ಹಾವಿನಂತೆ ಸುತ್ತಿ ಬರಬೇಕು. ಬಿಗಿಯಾಗಿ ಎಳೆದು ನಿಂತಿದ್ದರೆ ಸರಪಳಿ ಜೊತೆ ವೈರೂ ಜೋತಿದೆ ಅಂತ ಅರ್ಥ.

ಇಲ್ಲೊಂದು ಸೂಕ್ಷ್ಮ ಇದೆ. ಪೈಪಿನ ತೋಳಾದರೆ ವೈರ್ ಒಳಗೇ ಹೋಗ್ತದೆ, ಕಾಣಲ್ಲ. ಆದರೆ ಪೈಪು ಕತ್ತರಿಸಿದ ಬಾಯಿ ಬ್ಲೇಡಿನಂತಿರ್ತದೆ. ಅದನ್ನು ಅರದಿಂದ ಉಜ್ಜಿ, ರಬ್ಬರ್ ಸ್ಲೀವ್ ಹಾಕದಿದ್ದರೆ ವೈರ್‌ನ ಸಿಪ್ಪೆ ಹೋಗೋದು ಅಲ್ಲೇ. ಗಟ್ಟಿ ಸರಳಿನ ತೋಳಾದರೆ ವೈರ್ ಹೊರಗಡೆಯೇ ಬರಬೇಕು. ತೋಳಿನ ಮೇಲ್ಬದಿಗೆ ಕರಿ ವೈರ್ ಕೂರಿಸಿ ಕ್ಲಿಪ್ ಹಾಕಿದರೆ ಕೆಳಗಿನಿಂದ ನೋಡೋರಿಗೆ ಕಾಣೋದಿಲ್ಲ. ಹಾಗಾಗಿ 'ಗಟ್ಟಿ ಸರಳೇ ಬೇಕು, ವೈರೂ ಕಾಣಬಾರದು' ಅಂತ ಹಟ ಹಿಡಿದರೆ ಯಾವ ಕಮ್ಮಾರನೂ ಮಾಡಿಕೊಡಲಾರ.

ನಮ್ಮೂರಲ್ಲೇ ಮಾಡಿಸಿದರೆ?

ಗೇಟು, ಗ್ರಿಲ್ಲು, ಕುಂಟಿ, ಟ್ರಾಲಿ ಮಾಡೋ ವೆಲ್ಡಿಂಗ್ ಅಂಗಡಿಗಳಿಗೆ ಝೂಮರ್ ದೊಡ್ಡ ವಿದ್ಯೆಯೇನಲ್ಲ. ಬಳೆ ಬಗ್ಗಿಸೋದು, ಸಮ ದೂರಕ್ಕೆ ಆರು ತೋಳು ಕೂರಿಸೋದು ಅವರಿಗೆ ಬರ್ತದೆ. ಸುರುಳಿ ಕೆಲಸಕ್ಕೆ ಮಾತ್ರ ಕುಲುಮೆ ಇರೋ ಕಮ್ಮಾರರ ಕೈ ಬೇಕು. ಕುಡ, ಕುಡಗೋಲು, ಕುರ್ಪಿ ಹಣಿಯೋ ಕೈಗೆ ಸರಳಿನ ತುದಿ ಚಪ್ಪಟೆ ಮಾಡಿ ಸುತ್ತೋದು ಗೊತ್ತಿರೋ ಕೆಲಸವೇ. ತಿದಿ ಹೋಗಿ ಬ್ಲೋವರ್ ಬಂದಿದೆ, ಅಡಿಗಲ್ಲು ಅದೇ ಇದೆ. ಟ್ರ್ಯಾಕ್ಟರ್ ಬಂದ ಮೇಲೆ ಮುಂಗಾರಿಗೆ ಮುಂಚಿನ ಎರಡು ತಿಂಗಳು ಬಿಟ್ಟರೆ ಕುಲುಮೆಗಳಲ್ಲಿ ಕೆಲಸ ಕಡಿಮೆ. ಹಾಗಾಗಿ ಝೂಮರ್ ಕೊಡೋರು ಬಿತ್ತನೆ ಮುಂದೆ ಹೋಗಬಾರದು. ಆಗ ಹೋದರೆ "ಯಪ್ಪಾ, ಈಗ ಕುಂಟಿ ಕೆಲಸ ಅದಾವು, ಪಂಚಮಿ ಆದಮ್ಯಾಗ ಬಾ" ಅಂತ ಕಳಿಸ್ತಾರೆ, ಅದು ನ್ಯಾಯವೇ.

ಮಾಡಿಸುವಾಗ ಮೊಬೈಲ್ ಫೋಟೋ ತೋರಿಸಿ "ಹಿಂಗ ಬೇಕ್ರಿ" ಅಂದ್ರೆ ಸಾಲದು. ಅಗಲ ಎಷ್ಟು ಇಂಚು, ಎತ್ತರ ಎಷ್ಟು, ಸರಳಿನ ದಪ್ಪ ಎಷ್ಟು, ಹೋಲ್ಡರ್ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಮಜೂರಿ ಕೆಜಿ ಲೆಕ್ಕವೋ, ಪೂರ್ತಿ ಗುತ್ತಿಗೆಯೋ ಮೊದಲೇ ಮಾತಾಡಬೇಕು. ಕೆಜಿ ಲೆಕ್ಕ ಆದರೆ ದಪ್ಪ ಸರಳು ಹಾಕಿದಷ್ಟೂ ಬಿಲ್ ಏರ್ತದೆ, ಹುಕ್ಕಿನ ಮೇಲಿನ ಭಾರವೂ ಏರ್ತದೆ. ಗೇಟಿಗೆ ಭಾರ ಇದ್ದರೆ ಒಳ್ಳೆಯದು, ತಲೆ ಮೇಲೆ ತೂಗೋದಕ್ಕೆ ಅಲ್ಲ. ನಡುದಿಂಡು ಮತ್ತು ಮೇಲಿನ ಕೊಂಡಿಗೆ ವೆಲ್ಡಿಂಗ್ ಬರೀ ಚುಕ್ಕೆ ಹೊಡೆದು ಬಿಟ್ಟಿರಬಾರದು, ಸುತ್ತಲೂ ಪೂರ್ತಿ ಇರಬೇಕು. ಬಣ್ಣ ಹೊಡೆಯೋ ಮುನ್ನ ಒಮ್ಮೆ ಹೋಗಿ ನೋಡಿ ಬರಬೇಕು. ಬಣ್ಣದ ಅಡಿ ಎಲ್ಲ ವೆಲ್ಡಿಂಗೂ ಒಂದೇ ಥರ ಕಾಣ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಸಾಮಾನ್ಯ ದಾರಿ ಅಂದ್ರೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಒಣಗಿದ ಮೇಲೆ ಮ್ಯಾಟ್ ಕರಿ ಎನಾಮಲ್. ಪೌಡರ್ ಕೋಟಿಂಗ್ ಮಾಡಿಸಿದರೆ ಇನ್ನೂ ಬಾಳಿಕೆ, ಆದರೆ ಅದಕ್ಕೆ ಸುಮಾರು 200 ಡಿಗ್ರಿ ಶಾಖದ ದೊಡ್ಡ ಓವನ್ ಬೇಕು, ವೈರ್ ಹಾಕೋ ಮುನ್ನವೇ ಆಗಬೇಕು. ಹಳೆಯ ಕಮ್ಮಾರರ ವಿಧಾನ ಬೇರೆಯೇ ಇದೆ: ಬಿಸಿ ಇರುವಾಗಲೇ ಕಬ್ಬಿಣಕ್ಕೆ ಅಗಸಿ ಎಣ್ಣೆ ತೆಳ್ಳಗೆ ಒರೆಸೋದು. ಎಣ್ಣೆ ಸುಟ್ಟು ಮೈಗೆ ಕಚ್ಚಿ ಮಾಸಲು ಕರಿ ಬಣ್ಣ ಬರ್ತದೆ. ಅಂಗಡಿ ಬಣ್ಣಕ್ಕೆ ಆ ಕಳೆ ಇಲ್ಲ. ಮನೆಯೊಳಗೆ ಇರೋ ಝೂಮರ್‌ಗೆ ಇದು ಸಾಕು, ಮಳೆ ಎರಚಲು ಬಡಿಯೋ ವರಾಂಡಕ್ಕೆ ಸಾಲದು.

ಬಲ್ಬು ಮತ್ತು ಬಿಲ್ಲು

ಹೊರಗಿನಿಂದ ತರಿಸಿದ ಝೂಮರ್‌ಗಳಲ್ಲಿ ಎಷ್ಟೋ ಸಲ ಮೇಣದಬತ್ತಿ ಆಕಾರದ ಬಲ್ಬಿನ ಸಣ್ಣ ತಿರುಪಿನ ಹೋಲ್ಡರ್ ಇರ್ತದೆ. ಇ14 ಅಂತಾರೆ. ಅದು ಹೋದರೆ ಪ್ರತಿ ಸಾರಿ ಹುಬ್ಬಳ್ಳಿ ಕಡೆ ನೋಡಬೇಕು. ನಮ್ಮ ಕಿರಾಣಿ ಅಂಗಡಿಯಲ್ಲೂ ಸಿಗೋದು ಎರಡು ಪಿನ್ನಿನ ಬಿ22, ಇಲೆಕ್ಟ್ರಿಕ್ ಅಂಗಡಿಯಲ್ಲಿ ದೊಡ್ಡ ತಿರುಪಿನ ಇ27. ಈ ಎರಡರಲ್ಲಿ ಒಂದನ್ನೇ ಆರಿಸಿಕೊಂಡರೆ ಮುಂದಿನ ಓಡಾಟ ತಪ್ತದೆ.

ಆರು ಹಳೆಯ 60 ವ್ಯಾಟ್ ಬಲ್ಬು ಅಂದ್ರೆ 360 ವ್ಯಾಟ್. ದಿನಕ್ಕೆ 4 ತಾಸು ಉರಿಸಿದರೆ ತಿಂಗಳಿಗೆ 43 ಯೂನಿಟ್. ಅದೇ ಆರು 9 ವ್ಯಾಟ್ ಎಲ್‌ಇಡಿ ಅಂದ್ರೆ 54 ವ್ಯಾಟ್, ತಿಂಗಳಿಗೆ ಆರೂವರೆ ಯೂನಿಟ್. ಗೃಹಜ್ಯೋತಿಯಲ್ಲಿ ಹೆಸ್ಕಾಂ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಕೊಡೋದಿಲ್ಲ. 2022-23ರಲ್ಲಿ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿದ್ದಾರೆ, ಅದನ್ನು ದಾಟಿದ ಯೂನಿಟ್‌ಗೆ ರೊಕ್ಕ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಮಿತಿ 60-70 ಯೂನಿಟ್ ಇರೋ ಮನೆಗೆ ಹಳೆ ಬಲ್ಬಿನ ಝೂಮರ್ ಒಂದೇ ಸಾಕು ಮಿತಿ ದಾಟಿಸೋಕೆ.

ಆರೂ ಬಲ್ಬು ಯಾವಾಗಲೂ ಬೇಕಾಗಲ್ಲ. ಮೂರು ಮೂರರಂತೆ ಎರಡು ಸ್ವಿಚ್ಚಿಗೆ ಕೊಡಿಸಿದರೆ ಇನ್ವರ್ಟರ್ ಮೇಲೂ ಭಾರ ಕಡಿಮೆ. ಕರಿ ಕಬ್ಬಿಣಕ್ಕೆ ವಾರ್ಮ್ ವೈಟ್, ಅಂದ್ರೆ ಡಬ್ಬಿ ಮೇಲೆ 2700 ಅಥವಾ 3000 ಕೆ ಅಂತ ಬರೆದದ್ದು ಚಂದ. 6500 ಕೆ ಬಿಳಿ ಬಲ್ಬು ಹಾಕಿದರೆ ಮನೆ ಮೆಡಿಕಲ್ ಶಾಪ್‌ನಂತೆ ಕಾಣ್ತದೆ. ಬಲ್ಬು ಮೇಲ್ಮುಖವಾಗಿದ್ದರೆ ಬೆಳಕು ಸ್ಲ್ಯಾಬಿಗೆ ಬಡಿದು ಹರಡ್ತದೆ, ಕೆಳಗೆ ಕಬ್ಬಿಣದ ನೆರಳು ಬೀಳ್ತದೆ. ಮಕ್ಕಳು ಓದೋ ಜಾಗಕ್ಕೆ ಅದನ್ನೇ ನೆಚ್ಚದೆ ಬೇರೆ ಟ್ಯೂಬ್ ಇಟ್ಟಿರಬೇಕು. ಹಳೆಯ ಫ್ಯಾನ್ ರೆಗ್ಯುಲೇಟರಿಗೆ ಸಾಮಾನ್ಯ ಎಲ್‌ಇಡಿ ಜೋಡಿಸಿ ಮಂದ ಮಾಡೋ ಪ್ರಯೋಗ ಬೇಡ, ಮಿಣಮಿಣ ಅಂತ ಬಲ್ಬೇ ಹೋಗ್ತದೆ.

ಅಂಗಡಿಗೆ ಹಾಕೋರು ಒಂದೆರಡು ಮಾತು ಹೆಚ್ಚಿಗೆ ಕೇಳಬೇಕು. ಖಾರಾ ಅಂಗಡಿ, ಖಾನಾವಳಿಗಳಲ್ಲಿ ಕರಿಯೋ ಎಣ್ಣೆ ಹೊಗೆ ಏರಿ ಕಬ್ಬಿಣದ ಸುರುಳಿಗೆ ಅಂಟಿ, ಅದರ ಮೇಲೆ ರಸ್ತೆ ಧೂಳು ಕೂತು ಆರು ತಿಂಗಳಲ್ಲಿ ಜಿಡ್ಡು ಗಟ್ಟಿಯಾಗ್ತದೆ. ಅಲ್ಲಿಗೆ ಸುರುಳಿ ಕಡಿಮೆ ಇರೋ ಸಾದಾ ಬಳೆಯ ನಮೂನೆ ಸಾಕು, ಕಡಾಯಿ ಮೇಲಂತೂ ಬೇಡ. ಅರಿವೆ ಅಂಗಡಿಯವರು ಝೂಮರ್ ಬೆಳಕಲ್ಲಿ ಸೀರೆ ತೋರಿಸಿದರೆ ಹಳದಿ ಬೆಳಕಿಗೆ ನೀಲಿ ಹಸಿರಾಗಿ, ಬಿಳಿ ಕೆನೆಯಾಗಿ ಕಾಣಬಹುದು. ಮನೆಗೆ ಹೋಗಿ ಬಿಸಿಲಿಗೆ ಹಿಡಿದ ಮೇಲೆ ಗಿರಾಕಿ ವಾಪಸ್ ಬರ್ತಾರೆ. ಝೂಮರ್ ಬಾಗಿಲ ಹತ್ತಿರ ಚಂದಕ್ಕೆ ಇರಲಿ, ಕೌಂಟರ್ ಮೇಲೆ ಸಿಆರ್‌ಐ 90ರ ಮೇಲಿರೋ ಬೇರೆ ಬಲ್ಬು ಇರಲಿ.

ಹಾಕಿದ ಮೇಲೆ ವರ್ಷಕ್ಕೆ ಎರಡು ಸಾರಿ, ಎಂಸಿಬಿ ಇಳಿಸಿ, ಒಣ ಬಟ್ಟೆಯಿಂದ ಒರೆಸಿ, ಏಣಿ ಮೇಲಿರುವಾಗಲೇ ಹುಕ್ಕಿನ ನಟ್ಟು ಸಡಿಲಾಗಿದೆಯಾ ಅಂತ ಪಾನಾ ಹಾಕಿ ನೋಡಿದರೆ ಆಯ್ತು. ಮೇಲಿನ ಬಟ್ಟಲಿನ ಮುಚ್ಚಳ ಇಳಿಸದೆ ಹುಕ್ಕು ಕಾಣೋದಿಲ್ಲ, ಅದನ್ನ ಇಳಿಸಿಯೇ ನೋಡಬೇಕು.